ಕೋಲ್ಡ್ ಏರ್ ಇಂಟೇಕ್ ಕಿಟ್: ದಾವಣಗೆರೆ ಬಿಸಿಲಿಗೆ ಹಾಕಿಸಬಹುದಾ?

ಪಿ.ಬಿ. ರಸ್ತೆ ಕಡೆಯ ಗ್ಯಾರೇಜಿನಲ್ಲಿ ನನ್ನ ಟರ್ಬೊ ಪೆಟ್ರೋಲ್ ಕಾರಿಗೆ ಈ ಕಿಟ್, ಅಂದ್ರೆ ಎಂಜಿನ್‌ಗೆ ಹೊರಗಿನ ತಣ್ಣಗಿನ ಗಾಳಿ ತಲುಪಿಸುವ ಫಿಲ್ಟರ್ ಮತ್ತು ಪೈಪ್, ಹಾಕಿಸಿದ್ದೇನೆ. ಕೆಲಸ ತುಂಬಾ ನೀಟಾಗಿದೆ. ಫಿಲ್ಟರನ್ನು ಬಾನೆಟ್ ಒಳಗಿನ ಬಿಸಿಯಲ್ಲಿ ಬಿಡದೆ, ಬಂಪರ್ ಹಿಂದೆ ಹೊರಗಿನ ಗಾಳಿ ಸಿಗುವ ಕಡೆ ಇಟ್ಟು, ಎಂಜಿನ್ ಬದಿಗೆ ತಗಡಿನ ಮರೆ ಕಟ್ಟಿ, ಅಂಚಿಗೆಲ್ಲ ರಬ್ಬರ್ ಕೊಟ್ಟಿದ್ದಾರೆ. ಇದೇ ಮುಖ್ಯ. ಮರೆ ಇಲ್ಲದ ಕೋನ್ ಫಿಲ್ಟರ್ ಸುಮ್ನೆ ಸದ್ದು ಮಾಡುತ್ತೆ, ಎಳೆಯೋದು ಬಿಸಿ ಗಾಳಿಯನ್ನೇ.

ತಣ್ಣಗಿನ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ ಆಮ್ಲಜನಕ ಜಾಸ್ತಿ. 10 ಡಿಗ್ರಿ ಇಳಿದರೆ ಸಾಂದ್ರತೆ ಸುಮಾರು ಶೇ 3 ಏರುತ್ತದೆ. ಜೊತೆಗೆ ಗಾಳಿ ಬಿಸಿಯಾದಾಗ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಲ್ಲಿ ತಾನಾಗೇ ಹೊತ್ತಿ ಎಂಜಿನ್ ಬಡಿಯುವುದು) ಆಗದಿರಲಿ ಅಂತ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಹಾಕುತ್ತದೆ, ಅಂದ್ರೆ ಕಿಡಿಯನ್ನು ತಡವಾಗಿ ಕೊಡುತ್ತದೆ, ಅಲ್ಲೂ ಪವರ್ ಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಸಿಗ್ನಲ್‌ನಲ್ಲಿ ನಿಂತರೆ ಕಾರಿಗೆ ಜೋಡಿಸಿದ ಸ್ಕ್ಯಾನರ್‌ನಲ್ಲಿ ಇಂಟೇಕ್ ತಾಪ (ಎಂಜಿನ್ ಎಳೆಯುವ ಗಾಳಿಯ ಬಿಸಿ) ಏರುತ್ತಲೇ ಹೋಗುತ್ತೆ, ಓಡಿಸಿದ ಮೇಲೆ ಇಳಿಯುತ್ತೆ. ಡ್ರ್ಯಾಗ್ ರೇಸಿನ ಸ್ಟಾರ್ಟ್ ಲೈನಲ್ಲಿ ಕಾಯುವಾಗಲೂ ಇದೇ ಕಥೆ, 402 ಮೀಟರ್‌ನ ನೇರ ಓಟದಲ್ಲಿ ಆ ಬಿಸಿ ಇಳಿಯೋಕೆ ಟೈಮೇ ಇರಲ್ಲ ಅಲ್ವಾ?

ಆದ್ರೆ ಟರ್ಬೊ ಗಾಳಿಯನ್ನು ಒತ್ತುವಾಗ ಮತ್ತೆ ಕಾಯಿಸುತ್ತದೆ. ಹಾಗಾಗಿ ಟರ್ಬೊ ಗಾಡಿಯವರು ದುಡ್ಡು ಮೊದಲು ಒಳ್ಳೆ ಇಂಟರ್‌ಕೂಲರ್‌ಗೆ (ಟರ್ಬೊ ಕಾಯಿಸಿದ ಗಾಳಿಯನ್ನು ತಣ್ಣಗಾಗಿಸುವ ರೇಡಿಯೇಟರ್‌ನಂಥ ಭಾಗ) ಹಾಕಿ, ಕಿಟ್ ಆಮೇಲೆ. ಇನ್ನೊಂದು, ಫಿಲ್ಟರ್ ಕೆಳಗಿರೋದರಿಂದ ಧೂಳು ಬೇಗ ಕೂರುತ್ತೆ, ಮಳೆಗಾಲದಲ್ಲಿ ನಿಂತ ನೀರಿಗೆ ಇಳಿಸಲೇಬೇಡಿ, ಎಂಜಿನ್ ನೀರು ಎಳೆದರೆ ಒಳಗೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿಬಿಡಬಹುದು. ಟ್ರ್ಯಾಕ್‌ಗೆ ಹೋಗುವವರಿಗೆ ಖಂಡಿತ ಹೇಳುತ್ತೇನೆ, ದಿನಾ ಊರೊಳಗೆ ಓಡಿಸುವವರಿಗೆ ಬೇಡ.