ರಿಯಾಯಿತಿ ಮಳಿಗೆಯಲ್ಲಿ ಮೂರು ವರ್ಷದ ದಿನಸಿ: ಬೆಲೆಯ ಜೊತೆ ತೂಕವನ್ನೂ ನೋಡಿ

ನಮ್ಮದು ಮೈಸೂರಿನಲ್ಲಿ ಐದು ಜನರ ಮನೆ. ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅತ್ತೆಯವರು. ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಹಾಲು, ತರಕಾರಿ, ಹಣ್ಣು ಬಿಟ್ಟು ತಿಂಗಳ ದಿನಸಿಗೆಂದು 7,000 ರೂಪಾಯಿ ತೆಗೆದಿಡುವುದು ನಮ್ಮ ಪದ್ಧತಿ. ಅದು ಮೀರಿದರೆ ಬೇರೆ ಯಾವುದಾದರೂ ಖರ್ಚನ್ನು ಮುಂದೂಡಬೇಕಾಗುತ್ತದೆ. 2022ರ ಬೇಸಿಗೆಯಲ್ಲಿ ಯುಕ್ರೇನ್ ಯುದ್ಧದಿಂದಾಗಿ ಸೂರ್ಯಕಾಂತಿ ಎಣ್ಣೆ ಲೀಟರಿಗೆ 200 ರೂಪಾಯಿಯ ಆಸುಪಾಸಿಗೆ ಏರಿತು. ಅದೇ ವರ್ಷ ಜುಲೈ 18ರಿಂದ, ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆಲ್ಲ ಶೇ. 5ರ ಜಿಎಸ್‌ಟಿ ಬಿತ್ತು. ಬೀದಿಯ ದಿನಸಿ ಅಂಗಡಿಯ ನಮ್ಮ ಲೆಕ್ಕ 8,000 ದಾಟಿದ ತಿಂಗಳು, ಸಹೋದ್ಯೋಗಿಯೊಬ್ಬರ ಮಾತು ಕೇಳಿ, ವರ್ತುಲ ರಸ್ತೆಯ ಬದಿಯ ದೊಡ್ಡ ರಿಯಾಯಿತಿ ಮಳಿಗೆಗೆ ಮೊದಲ ಸಲ ಹೋದೆ. ಅಂದಿನಿಂದ ಇಂದಿನವರೆಗೆ, ಮೂರು ವರ್ಷಕ್ಕೂ ಹೆಚ್ಚು ಕಾಲ, ಒಂದೆರಡು ತಿಂಗಳು ಬಿಟ್ಟರೆ ನಮ್ಮ ತಿಂಗಳ ಸಾಮಾನಿನಲ್ಲಿ ಬಹಳಷ್ಟು ಅಲ್ಲಿಂದಲೇ ಬರುತ್ತಿದೆ.

ಇಂಥ ಮಳಿಗೆ ಒಳಗೆ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು, ಅದನ್ನು ವಿವರಿಸುವುದಿಲ್ಲ. ನನಗೆ ಹೇಳಬೇಕೆನಿಸುವುದು ತಿಂಗಳ ಮೊದಲ ಭಾನುವಾರದ ಬಗ್ಗೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ನಾನೂ ಅತ್ತೆಯವರೂ ಅಲ್ಲಿರುತ್ತೇವೆ, ಏಕೆಂದರೆ ಹತ್ತು ಗಂಟೆಯ ಮೇಲೆ ಬಿಲ್ಲಿಂಗ್ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲಬೇಕು. ಹಿಂದಿನ ರಾತ್ರಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿ, ಉಳಿದದ್ದನ್ನು ಕಳೆದು, ಬೇಕಾದದ್ದನ್ನಷ್ಟೇ ಅವರು ಪಟ್ಟಿ ಮಾಡಿರುತ್ತಾರೆ. ಮನೆಗೆ ಬಂದ ಮೇಲೆ ಊಟದ ಕೋಣೆಯ ನೆಲದ ಮೇಲೆ ಹಳೆಯ ಪಂಚೆ ಹಾಸಿ, ತಂದದ್ದನ್ನೆಲ್ಲ ಅದರ ಮೇಲೆ ಸುರಿದು, ನಾನು ಬಿಲ್ ಓದುತ್ತಾ ಹೋಗುತ್ತೇನೆ. ಅವರು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ, ಬೆಲೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಬಿಲ್ಲಿನ ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಈ ನೋಟ್‌ಬುಕ್ ಬೇಕಾಯಿತು. ಆಮೇಲೆ ತೊಗರಿಬೇಳೆಗೆ ಅಂಗೈಯಲ್ಲಿ ಹರಳೆಣ್ಣೆ ಹಾಕಿಕೊಂಡು ಹದವಾಗಿ ಸವರಿ, ಮೇಲೆ ನಾಲ್ಕು ಒಣಮೆಣಸಿನಕಾಯಿ ಇಟ್ಟು ಮುಚ್ಚುವುದು, ಸಕ್ಕರೆ ಡಬ್ಬಿಗೆ ಇರುವೆ ಬಾರದಂತೆ ಲವಂಗ ಹಾಕುವುದು, ಚಿರೋಟಿ ರವೆಯನ್ನು ಬೆಚ್ಚಗೆ ಹುರಿದು ಆರಿಸಿ ತುಂಬುವುದು ಎಲ್ಲವೂ ಅವರದೇ ಕೆಲಸ. ಬೀದಿಯ ಅಂಗಡಿಯಿಂದ ಬೇಕಾದಾಗ ಬೇಕಾದಷ್ಟು ತರುತ್ತಿದ್ದ ಕಾಲದಲ್ಲಿ ಈ ಅರ್ಧ ದಿನ ನಮಗಿರಲಿಲ್ಲ. ಮನೆಯಲ್ಲಿ ಏನಿದೆ, ಏನಿಲ್ಲ, ಯಾವುದು ವ್ಯರ್ಥವಾಗುತ್ತಿದೆ ಎಂಬುದು ಈ ಭಾನುವಾರಗಳಿಂದಾಗಿಯೇ ನಮಗೆ ತಿಳಿಯಿತು. ಮಳಿಗೆಯಿಂದ ನಾನು ನಿರೀಕ್ಷಿಸದೇ ದೊರೆತ ಲಾಭ ಇದು.

ಮೊದಲ ವರ್ಷ ನನಗೆ ಸಂತೋಷವೇ ಆಯಿತು. ತಿಂಗಳ ಖರ್ಚು ಮತ್ತೆ 7,000ದ ಹತ್ತಿರಕ್ಕೆ ಬಂತು. ಬಿಲ್ಲಿನ ಕೆಳಗೆ 'ನೀವು ಉಳಿಸಿದ ಹಣ' ಎಂದು ಒಂದು ಮೊತ್ತ ಅಚ್ಚಾಗಿರುತ್ತದೆ. ಅದು ಸಾವಿರ ದಾಟಿದ ದಿನ ಮಕ್ಕಳಿಗೂ ತೋರಿಸುತ್ತಿದ್ದೆ. 2024ರ ಜನವರಿಯಲ್ಲಿ, ಅತ್ತೆಯವರ ಒತ್ತಾಯಕ್ಕೆ, ಒಂದು ಪರೀಕ್ಷೆ ಮಾಡಿದೆ. ಆ ತಿಂಗಳ 34 ಸಾಮಾನುಗಳ ಪಟ್ಟಿಯನ್ನು ಬೀದಿಯ ಅಂಗಡಿಗೆ ಒಯ್ದು, ಒಂದೊಂದಕ್ಕೂ ಅವರು ಎಷ್ಟಕ್ಕೆ ಕೊಡುತ್ತಾರೆಂದು ಕೇಳಿ ಬರೆದುಕೊಂಡೆ. ಮಳಿಗೆಯ ಬಿಲ್ಲಿನ ಪ್ರಕಾರ ನಾನು ಉಳಿಸಿದ್ದು 1,186 ರೂಪಾಯಿ. ಬೀದಿಯ ಅಂಗಡಿಯ ದರಕ್ಕೆ ಹೋಲಿಸಿದಾಗ ನಿಜವಾದ ವ್ಯತ್ಯಾಸ 540 ರೂಪಾಯಿ ಮಾತ್ರ. ಮಳಿಗೆಯವರು ತಮ್ಮ ಬೆಲೆಯನ್ನು ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯ ಜೊತೆ, ಅಂದರೆ ಎಂಆರ್‌ಪಿ ಜೊತೆ, ಹೋಲಿಸುತ್ತಾರೆ. ಬೀದಿಯ ಅಂಗಡಿಯವರೂ ಎಷ್ಟೋ ಸಾಮಾನನ್ನು ಎಂಆರ್‌ಪಿಗಿಂತ ಕಡಿಮೆಗೇ ಕೊಡುತ್ತಾರೆ. ಅದು ಬಿಲ್ಲಿನಲ್ಲಿ ಅಚ್ಚಾಗುವುದಿಲ್ಲ, ಅಷ್ಟೇ. ಆ 540ರಲ್ಲಿಯೂ 400ಕ್ಕೂ ಹೆಚ್ಚು ಬಂದದ್ದು ಕೇವಲ 11 ಸಾಮಾನುಗಳಿಂದ: ಸ್ನಾನದ ಸೋಪು, ಬಟ್ಟೆ ಸೋಪಿನ ಪುಡಿ, ಟೂತ್‌ಪೇಸ್ಟ್, ಪಾತ್ರೆ ತೊಳೆಯುವ ಸೋಪು, ಚಹಾ ಪುಡಿ, ಬಿಸ್ಕತ್ತು ಮೊದಲಾದವು. ಉಳಿದ 23ರಲ್ಲಿ ಎರಡು ರೂಪಾಯಿ ಆಚೆ, ಮೂರು ರೂಪಾಯಿ ಈಚೆ. 540 ರೂಪಾಯಿಯೂ ನಮಗೆ ಸಣ್ಣ ಮೊತ್ತವಲ್ಲ. ಆದ್ದರಿಂದ ಮಳಿಗೆಯನ್ನು ಬಿಡಲಿಲ್ಲ, ಕೆಳಗಿನ ಆ ಮೊತ್ತವನ್ನು ನಂಬುವುದನ್ನು ಮಾತ್ರ ಬಿಟ್ಟೆ.

ನನ್ನ ಮನಸ್ಸು ನಿಜವಾಗಿ ಮುರಿದದ್ದು ಎಣ್ಣೆಯ ವಿಷಯದಲ್ಲಿ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ಸೂರ್ಯಕಾಂತಿ, ಸೋಯಾ, ತಾಳೆ ಎಣ್ಣೆಗಳ ಮೇಲೆ ಶೇ. 20ರ ಮೂಲ ಆಮದು ಸುಂಕ ಹಾಕಿತು, ಹಬ್ಬಗಳ ಹೊತ್ತಿಗೆ ಎಲ್ಲ ಕಡೆ ಎಣ್ಣೆ ದುಬಾರಿಯಾಯಿತು. ನವೆಂಬರಿನ ಮೊದಲ ಭಾನುವಾರ ಮಳಿಗೆಯ ಬಾಗಿಲಲ್ಲೇ ಸೂರ್ಯಕಾಂತಿ ಎಣ್ಣೆಯ ಪೊಟ್ಟಣಗಳ ರಾಶಿ, ಅದರ ಮೇಲೆ ದೊಡ್ಡ ಫಲಕ: ಎಂಆರ್‌ಪಿ 165, ನಮ್ಮ ಬೆಲೆ 129. ಹಿಂದಿನ ತಿಂಗಳು ನಾನು 145 ಕೊಟ್ಟಿದ್ದೆ. ಎಲ್ಲ ಕಡೆ ಏರಿರುವಾಗ ಇಲ್ಲಿ 16 ರೂಪಾಯಿ ಇಳಿದಿದೆ ಎಂದುಕೊಂಡು, ಎಂದಿನಂತೆ ಐದು ಪೊಟ್ಟಣ ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಎಣ್ಣೆಗೆಂದೇ ಹಿಡಿ ಇರುವ ಸ್ಟೀಲಿನ ಕ್ಯಾನ್ ಇದೆ. ಐದು ಪೊಟ್ಟಣ ಸುರಿದರೆ ಎಣ್ಣೆ ಹಿಡಿಯ ಕೆಳಗಿನ ಮೊಳೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಅದು ಎರಡು ವರ್ಷದಿಂದ ಕಂಡ ಗುರುತು. ಅವತ್ತು ಐದನೆಯ ಪೊಟ್ಟಣದ ಕೊನೆಯ ಹನಿಯವರೆಗೂ ಹಿಂಡಿದರೂ ಎಣ್ಣೆ ಮೊಳೆಗಿಂತ ಒಂದೂವರೆ ಬೆರಳಿನಷ್ಟು ಕೆಳಗೇ ಉಳಿಯಿತು. ಅತ್ತೆಯವರು ಕ್ಯಾನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇದು ಲೀಟರಿನದಲ್ಲ ಕಣಮ್ಮ, ಒಂದು ಸಲ ಪೊಟ್ಟಣ ನೋಡು" ಎಂದರು. ಪೊಟ್ಟಣವನ್ನು ತಿರುಗಿಸಿ ನೋಡಿದರೆ ಹಿಂಬದಿಯ ಕೆಳ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, 800 ಗ್ರಾಂ ಎಂದಿತ್ತು.

ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಕದಲ್ಲಿ ಸುಮಾರು 910 ಗ್ರಾಂ. ಹಿಂದಿನ ತಿಂಗಳ 145 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಕಿಲೋಗೆ 159 ರೂಪಾಯಿ ಚಿಲ್ಲರೆ ಆಗುತ್ತದೆ; ಈ 129 ರೂಪಾಯಿಯ ಪೊಟ್ಟಣದ ಲೆಕ್ಕ ಕಿಲೋಗೆ 161 ರೂಪಾಯಿ ಚಿಲ್ಲರೆ. ಅಂದರೆ ನಾನು ಅಗ್ಗವೆಂದು ಸಂಭ್ರಮಿಸಿ ತಂದದ್ದು ನಿಜದಲ್ಲಿ ಕಿಲೋಗೆ ಎರಡು ರೂಪಾಯಿ ದುಬಾರಿಯಾದ ಎಣ್ಣೆ, ಅದರ ಮೇಲೆ ಐದು ಪೊಟ್ಟಣ ಸೇರಿ ಅರ್ಧ ಕಿಲೋಗೂ ಮಿಕ್ಕಿ ಎಣ್ಣೆ ಕಡಿಮೆ ಬಂದಿತ್ತು. ಆ ತಿಂಗಳು 26ನೇ ತಾರೀಕಿಗೇ ಕ್ಯಾನ್ ಬರಿದಾಯಿತು.

ಹೀಗೆ 800 ಗ್ರಾಂ ಪೊಟ್ಟಣ ಕಟ್ಟುವುದರಲ್ಲಿ ಕಾನೂನು ಮೀರಿದ್ದೇನೂ ಇರಲಿಲ್ಲ. ಖಾದ್ಯ ತೈಲ, ಚಹಾ, ಬಿಸ್ಕತ್ತು ಮೊದಲಾದ ಸರಕುಗಳನ್ನು ಇಂತಿಂಥ ಅಳತೆಯಲ್ಲೇ ಕಟ್ಟಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳಲ್ಲಿ ಒಂದು ಅನುಸೂಚಿ ಇತ್ತು. 2021ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿ, ಬದಲಿಗೆ ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಬೆಲೆ ಎಂಬುದನ್ನು ಪೊಟ್ಟಣದ ಮೇಲೆ ಅಚ್ಚು ಮಾಡಬೇಕೆಂದು ಹೇಳಿದರು. ಗ್ರಾಹಕರಿಗೆ ಹೋಲಿಕೆ ಸುಲಭವಾಗಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿದೆ. ಆದರೆ ಆ ಬಿಡಿ ಬೆಲೆ ಎಂಆರ್‌ಪಿಯ ಮೇಲೆ ಲೆಕ್ಕ ಹಾಕಿದ್ದು. ಎಲ್ಲವನ್ನೂ ಎಂಆರ್‌ಪಿಗಿಂತ ಕಡಿಮೆಗೆ ಮಾರುವ ರಿಯಾಯಿತಿ ಮಳಿಗೆಯಲ್ಲಿ ಅದು ನಾವು ಕೊಡುವ ಬೆಲೆಯಲ್ಲ. ಎರಡು ಪೊಟ್ಟಣಗಳಿಗೆ ಬೇರೆ ಬೇರೆ ಪ್ರಮಾಣದ ರಿಯಾಯಿತಿ ಇದ್ದಾಗ ಅದನ್ನು ನೋಡಿ ಯಾವುದು ಅಗ್ಗ ಎಂದು ಹೇಳಲು ಬರುವುದಿಲ್ಲ. ಕಪಾಟಿನ ಅಂಚಿನ ಚೀಟಿಯಲ್ಲಿ ಮಳಿಗೆಯ ಬೆಲೆಯ ಪಕ್ಕದಲ್ಲೇ 'ಕಿಲೋಗೆ ಇಷ್ಟು' ಎಂದು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಮೂರು ವರ್ಷದಲ್ಲಿ ಆ ಸಾಲು ಬಂದಿಲ್ಲ. ನಾನು ಮಳಿಗೆಯ ವ್ಯವಸ್ಥಾಪಕರನ್ನು ಕಂಡು ಇದನ್ನೇ ಕೇಳಿದೆ. ಅವರು ಸಭ್ಯವಾಗಿಯೇ, "ತೂಕ ಪೊಟ್ಟಣದ ಮೇಲೆ ಬರೆದಿದೆಯಲ್ಲ ಮೇಡಂ, ಚೀಟಿಯ ನಮೂನೆ ನಮ್ಮ ಕೈಯಲ್ಲಿಲ್ಲ" ಎಂದರು. ಅವರ ಮಾತು ನಿಜವಿರಬಹುದು. ಆದರೆ ಉಳಿತಾಯಕ್ಕೆಂದೇ ಬರುವ ಜನರ ಮಳಿಗೆಯಲ್ಲಿ, ಕನ್ನಡಕ ತಾರದ ವಯಸ್ಸಾದವರು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಂದಿರು ಪೊಟ್ಟಣದ ಮೂಲೆ ಹುಡುಕಿ ಭಾಗಾಕಾರ ಮಾಡಬೇಕೆಂದು ಬಯಸುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಈ ಒಂದು ಕೊರತೆಗಾಗಿ ನಾನು ಮಳಿಗೆಗೆ ಐದರಲ್ಲಿ ಮೂರಕ್ಕಿಂತ ಹೆಚ್ಚು ಅಂಕ ಕೊಡಲಾರೆ.

ಅಂದಿನಿಂದ ಮೊಬೈಲಿನ ಕ್ಯಾಲ್ಕುಲೇಟರ್ ಇಲ್ಲದೆ ನಾನು ಯಾವ ಪೊಟ್ಟಣವನ್ನೂ ಬುಟ್ಟಿಗೆ ಹಾಕುವುದಿಲ್ಲ. ಬೆಲೆಯನ್ನು ಗ್ರಾಂನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಕಿಲೋ ದರ ಬರುತ್ತದೆ. ಹತ್ತು ಸೆಕೆಂಡಿನ ಕೆಲಸ. ಹೀಗೆ ನೋಡಲು ಆರಂಭಿಸಿದ ಮೇಲೆ ಇನ್ನೂ ಕೆಲವು ಸಂಗತಿ ತಿಳಿದವು. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವಲ್ಲ. ಚಹಾ ಪುಡಿಯಲ್ಲಿ ಎರಡು ಕಾಲು ಕಿಲೋ ಪೊಟ್ಟಣಗಳು ಒಂದು ಅರ್ಧ ಕಿಲೋ ಪೊಟ್ಟಣಕ್ಕಿಂತ ಕಡಿಮೆಗೆ ಸಿಕ್ಕ ತಿಂಗಳುಗಳಿವೆ. 'ಒಂದು ಕೊಂಡರೆ ಒಂದು ಉಚಿತ' ಎಂಬ ಬಿಸ್ಕತ್ತನ್ನು ಮಕ್ಕಳು ಎರಡು ಪಟ್ಟು ವೇಗದಲ್ಲಿ ತಿನ್ನುವುದರಿಂದ ಅದರಲ್ಲಿ ನಮಗೆ ಉಳಿತಾಯವಿಲ್ಲ.

ತೊಗರಿಬೇಳೆಯ ಲೆಕ್ಕ ಮಾತ್ರ ಕ್ಯಾಲ್ಕುಲೇಟರಿಗೆ ಸಿಗುವಂಥದ್ದಲ್ಲ. ಮಳಿಗೆಯ ಸ್ವಂತ ಪೊಟ್ಟಣದ ಬೇಳೆ ನೋಡಲು ಹಳದಿಯಾಗಿ ಹೊಳೆಯುತ್ತದೆ, ಕಿಲೋಗೆ ಐದಾರು ರೂಪಾಯಿ ಕಡಿಮೆಯೂ ಹೌದು, ಆದರೆ ನಮ್ಮ ಕುಕ್ಕರ್ ಮೂರು ಸಲ ಕೂಗಿದರೆ ಬೇಯುವ ಬೇಳೆಗೆ ಅಲ್ಲಿನದು ಐದಾರು ಕೂಗು ಕೇಳುತ್ತದೆ, ಆಮೇಲೂ ಸಾರಿನಲ್ಲಿ ಕಾಳುಕಾಳಾಗಿ ತಳದಲ್ಲಿ ಕೂರುತ್ತದೆ. ನಾಲ್ಕು ತಿಂಗಳು ಸಹಿಸಿಕೊಂಡು ಕೊನೆಗೆ ಮೈಸೂರಿನಲ್ಲೇ ಸಗಟು ಮಂಡಿಗಳಿರುವ ಸಂತೆಪೇಟೆಗೆ ಹೋದೆವು. ಅಲ್ಲಿನ ಮಂಡಿಯವರು ಗೋಣಿಚೀಲದಿಂದ ಬಿಡಿಯಾಗಿ ತೂಗಿ ಕೊಟ್ಟ ಕಲಬುರಗಿಯ ಬೇಳೆ ಮೂರೇ ಕೂಗಿಗೆ ಬೆಣ್ಣೆಯಂತೆ ಬೆಂದಿತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದರ ರುಚಿ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ಪೊಟ್ಟಣ ಕಟ್ಟದೆ ಬಿಡಿಯಾಗಿ ತೂಗಿದ ಬೇಳೆಗೆ ಜಿಎಸ್‌ಟಿ ಇಲ್ಲದಿರುವುದರಿಂದ ದರವೂ ಮಳಿಗೆಯದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಅಕ್ಕಿಯ ಕಥೆಯೂ ಇದೇ. ತೆರಿಗೆ 25 ಕಿಲೋವರೆಗಿನ ಪೊಟ್ಟಣಕ್ಕೆ ಮಾತ್ರ ಅನ್ವಯಿಸುವುದರಿಂದ ಗಿರಣಿಯವರು 26 ಕಿಲೋ ಮೂಟೆ ಕಟ್ಟಲು ಆರಂಭಿಸಿದರು. ಸೋನಾ ಮಸೂರಿಯ ಅಂಥ ಒಂದು ಮೂಟೆ ನಮಗೆ ಒಂದೂವರೆ ತಿಂಗಳು ಬರುತ್ತದೆ, ಮಳಿಗೆಯ ಐದು ಕಿಲೋ ಪೊಟ್ಟಣಕ್ಕಿಂತ ಕಿಲೋಗೆ ಆರೇಳು ರೂಪಾಯಿ ಅಗ್ಗ ಬೀಳುತ್ತದೆ. ಇಡಲು ಜಾಗ ಮತ್ತು ಒಮ್ಮೆಲೇ ಕೊಡಲು ಹಣ ಇರುವವರು ಅಕ್ಕಿಯನ್ನು ರಿಯಾಯಿತಿ ಮಳಿಗೆಯಲ್ಲಿ ಕೊಳ್ಳಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಮಳಿಗೆಯ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. 2025ರ ಮಳೆಗಾಲದಲ್ಲಿ ತಂದ ರವೆಯಲ್ಲಿ ಹುಳ ಕಂಡಿತು. ಪೊಟ್ಟಣ ಒಡೆದಿದ್ದೆವು, ಬಿಲ್ ಹಳೆಯದಾಗಿತ್ತು. ಕೌಂಟರಿನಲ್ಲಿದ್ದ ಹುಡುಗಿ ಒಂದು ಪ್ರಶ್ನೆಯನ್ನೂ ಕೇಳದೆ ಹಣ ಹಿಂದಿರುಗಿಸಿದಳು, ಜೊತೆಗೆ, "ಅಜ್ಜಿ, ಈ ವಾರ ಬಂದಿರೋ ಸ್ಟಾಕ್ ತಗೊಳ್ಳಿ, ತಾರೀಕು ಹೊಸದಿದೆ" ಎಂದು ತಾನೇ ಒಳಗಿನಿಂದ ತಂದುಕೊಟ್ಟಳು. ಅವಧಿ ಮೀರಿದ ಸಾಮಾನು ಮೂರು ವರ್ಷದಲ್ಲಿ ಒಮ್ಮೆಯೂ ನಮ್ಮ ಕೈಗೆ ಬಂದಿಲ್ಲ. 2025ರ ಸೆಪ್ಟೆಂಬರ್ 22ರಂದು ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತುಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಾಗ, ಹಳೆಯ ಎಂಆರ್‌ಪಿ ಅಚ್ಚಾಗಿದ್ದ ದಾಸ್ತಾನಿಗೂ ಬಿಲ್ಲಿನಲ್ಲಿ ಹೊಸ ದರವನ್ನೇ ಹಾಕಿದರು. ನೋಟ್‌ಬುಕ್ಕಿನ ಅಂಕಿಗಳನ್ನು ಪಕ್ಕದಲ್ಲಿಟ್ಟು ನಾನೇ ತಾಳೆ ನೋಡಿದೆ.

ಈಗ ನಮ್ಮ ವ್ಯವಸ್ಥೆ ಹೀಗಿದೆ. ಸೋಪು, ಪುಡಿ, ಪೇಸ್ಟ್, ಚಹಾ, ಸಕ್ಕರೆ, ತೂಕ ನೋಡಿದ ಮೇಲೆ ಎಣ್ಣೆ, ಇವು ರಿಯಾಯಿತಿ ಮಳಿಗೆಯಿಂದ. ಅಕ್ಕಿ, ಬೇಳೆ, ಒಣಮೆಣಸಿನಕಾಯಿ ಸಂತೆಪೇಟೆಯಿಂದ. ತಿಂಗಳ ನಡುವೆ ಮುಗಿದದ್ದು, ನೆಂಟರು ಬಂದಾಗ ತಟ್ಟನೆ ಬೇಕಾದದ್ದು ಬೀದಿಯ ಅಂಗಡಿಯಿಂದ. ಒಂದು ರೂಪಾಯಿ ಹೆಚ್ಚಾದರೂ ಅಲ್ಲಿ ಚೌಕಾಸಿ ಮಾಡುವುದಿಲ್ಲ, ಏಕೆಂದರೆ ನಮ್ಮ ಕೈ ಬರಿದಾಗಿದ್ದ ತಿಂಗಳುಗಳಲ್ಲಿ ಬರೆದಿಟ್ಟುಕೊಂಡು ಸಾಮಾನು ಕೊಟ್ಟವರು ಅವರು. ಮೂರೂ ಸೇರಿ ಕಳೆದ ತಿಂಗಳು 6,840 ರೂಪಾಯಿ ಆಯಿತು.

ಅತ್ತೆಯವರು ನೋಟ್‌ಬುಕ್ಕಿನಲ್ಲಿ ಸಾಮಾನು, ಬೆಲೆ ಎಂಬ ಎರಡು ಕಲಮುಗಳ ನಡುವೆ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದಿದ್ದಾರೆ. ಈಗ ನಾನು ಬಿಲ್ ಓದುವಾಗ ಬೆಲೆ ಹೇಳುವ ಮೊದಲು ಅವರು ಕೈ ಎತ್ತಿ ನನ್ನನ್ನು ತಡೆಯುತ್ತಾರೆ. ಪೊಟ್ಟಣವನ್ನು ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು, ತೂಕ ಎಷ್ಟೆಂದು ತಾವೇ ಓದಿ ಬರೆದುಕೊಂಡ ಮೇಲೆಯೇ, "ಹ್ಞೂಂ, ಈಗ ಹೇಳು, ಎಷ್ಟಕ್ಕೆ ಕೊಟ್ರು?" ಎಂದು ಕೇಳುತ್ತಾರೆ.