ರೇಂಜ್ ಸಾಲದಿದ್ದಾಗ: ಸ್ವಾಪ್, ಫಾಸ್ಟ್ ಚಾರ್ಜ್, ಇಲ್ಲಾ ಬಿಚ್ಚುವ ಬ್ಯಾಟರಿ?

ಎಲೆಕ್ಟ್ರಿಕ್ ಸ್ಕೂಟರಿನ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಸಾಲದಿದ್ದರೆ ಏನು ಮಾಡುವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಚ್ಚಿ ತೆಗೆಯುವ ಬ್ಯಾಟರಿಗೆ. ದುಡ್ಡು ಕೊಟ್ಟು ತಂದದ್ದೂ ಅದನ್ನೇ. ಅದಕ್ಕೂ ಮೊದಲು ಸ್ಟೇಷನ್ನಿನಲ್ಲಿ ಬ್ಯಾಟರಿ ಬದಲಿಸಿಕೊಳ್ಳುವ ಬಾಡಿಗೆಯ ಸ್ವಾಪ್ ಸ್ಕೂಟರ್, ಬ್ಯಾಟರಿ ಬಿಚ್ಚಲು ಬಾರದ, ದಾರಿಯಲ್ಲಿ ಫಾಸ್ಟ್ ಚಾರ್ಜ್ ನಂಬಬೇಕಾದ ಅಣ್ಣನ ಸ್ಕೂಟರ್ ಎರಡನ್ನೂ ಓಡಿಸಿ ನೋಡಿದ್ದೆ. ವಾರವೆಲ್ಲ ರಾಜಾಜಿನಗರದಿಂದ ಪೀಣ್ಯಕ್ಕೆ, ರಜೆ ಬಂದರೆ ತುಮಕೂರಿಗೆ. ತುಮಕೂರಿಗೆ ಒಂದು ಕಡೆಗೇ ಸುಮಾರು 70 ಕಿ.ಮೀ.

ಕಾರುಗಳಲ್ಲಿ ರೇಂಜ್ ಹೆಚ್ಚಿಸಲು ಇಡುವ ಎಂಜಿನ್, ಅಂದರೆ ರೇಂಜ್ ಎಕ್ಸ್‌ಟೆಂಡರ್, ಬೇರೆ ಕತೆ. ಬಿಎಂಡಬ್ಲ್ಯು ಐ3ಯಲ್ಲಿ 647 ಸಿಸಿಯ ಪುಟ್ಟ ಪೆಟ್ರೋಲ್ ಎಂಜಿನ್, ಮಾಜ್ದಾ ಎಂಎಕ್ಸ್-30ರಲ್ಲಿ 830 ಸಿಸಿಯ ರೋಟರಿ. ಎರಡೂ ಚಕ್ರ ತಿರುಗಿಸುವುದಿಲ್ಲ, ಕರೆಂಟ್ ಹುಟ್ಟಿಸುತ್ತವೆ ಅಷ್ಟೆ. ಸ್ಕೂಟರಿನಲ್ಲಿ ಅದಕ್ಕೆಲ್ಲ ಜಾಗ ಎಲ್ಲಿದೆ?

ಸ್ವಾಪ್ ಊರೊಳಗೆ ಆರಾಮ. ಖಾಲಿ ಬ್ಯಾಟರಿ ಇಡಿ, ತುಂಬಿದ್ದು ತೆಗೆಯಿರಿ, ಹೊರಡಿ. ಡೆಲಿವರಿ ಹುಡುಗರು ಇದನ್ನು ಹಿಡಿದಿರುವುದು ಸುಮ್ನೆ ಅಲ್ಲ. ಹೋಂಡಾದ ಆಕ್ಟಿವಾ ಇ ಕೂಡ ಇದೇ ದಾರಿ ಹಿಡಿದಿದೆ: 1.5 ಯೂನಿಟ್‌ನ ಎರಡು ಬ್ಯಾಟರಿ, ಕಂಪನಿ ಹೇಳುವ ರೇಂಜ್ 102 ಕಿ.ಮೀ. ನಾನು ಬಾಡಿಗೆಗೆ ತಗೊಂಡಿದ್ದು ಬೇರೆ ಕಂಪನಿಯದು. ನೆಲಮಂಗಲ ದಾಟಿದ ಮೇಲೆ ಅದರ ಒಂದು ಸ್ಟೇಷನ್ನೂ ಇರಲಿಲ್ಲ. ಅಲ್ಲಿಗೆ ಅದರ ಕತೆ ಮುಗಿಯಿತು.

ಅಣ್ಣನ ಸ್ಕೂಟರ್ ಓಡಿಸಲು ಬಲು ಚೆನ್ನ. ಆದರೆ ಹೈವೇಯಲ್ಲಿ ಚಾರ್ಜ್ ಕಣ್ಣೆದುರೇ ಇಳಿಯುತ್ತದೆ. 40ರ ಸ್ಪೀಡಿನಿಂದ 80ಕ್ಕೆ ಹೋದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ದಾಬಸ್‌ಪೇಟೆ ಹತ್ತಿರ ಧೈರ್ಯ ಸಾಲದೆ ಮ್ಯಾಪ್ ತೆಗೆದೆ. ಫಾಸ್ಟ್ ಚಾರ್ಜರ್ ಇದೆ, ಖಾಲಿಯೂ ಇದೆ. ಹೋಗಿ ನೋಡಿದರೆ ಚಾರ್ಜರಿನ ಗನ್ (ಗಾಡಿಗೆ ಚುಚ್ಚುವ ಪ್ಲಗ್) ಕೂರುವುದಿಲ್ಲ! ಅಲ್ಲಿದ್ದ ಎರಡರಲ್ಲಿ ಒಂದು ಬೇರೆ ಕಂಪನಿಯ ಸ್ಕೂಟರಿಗೆ, ಮತ್ತೊಂದು ಕಾರಿಗೆ ಹಾಕುವ ಸಿಸಿಎಸ್2 ಗನ್.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ಸ್ಕೂಟರ್ ಕಂಪನಿ ಏಥರ್ ರೂಪಿಸಿದ, ಸ್ಕೂಟರಿನಂಥ ಹಗುರ ಗಾಡಿಗಳ ಎಲ್‌ಇಸಿಸಿಎಸ್ ಕನೆಕ್ಟರ್‌ಗೆ 2023ರಲ್ಲೇ ದೇಶದ ಮಾನಕ ಸಂಸ್ಥೆ ಬಿಐಎಸ್‌ನ ಒಪ್ಪಿಗೆ ಸಿಕ್ಕಿದೆ. ಹೀರೋದ ವಿಡಾ ಕೂಡ ಅದನ್ನು ಬಳಸುತ್ತದೆ. ಎಲ್ಲ ಕಂಪನಿಗಳೂ ಅದಕ್ಕೆ ಬಂದಿಲ್ಲ, ತೊಂದರೆ ಅಲ್ಲೇ. ಪೆಟ್ರೋಲ್ ಬಂಕಿನಲ್ಲಿ ನಿಮ್ಮ ಗಾಡಿ ಯಾವ ಕಂಪನಿಯದು ಅಂತ ಯಾರಾದರೂ ಕೇಳುತ್ತಾರಾ?

ಪಕ್ಕದ ಹೋಟೆಲಿನಲ್ಲಿ ಪ್ಲಗ್ ಕೇಳಿದೆ. ಓನರ್ ಒಳ್ಳೆಯವರು, ‘ಹಾಕ್ಕೊಳ್ಳಿ ಸರ್’ ಅಂದರು. ಪ್ಲಗ್ ಇದ್ದದ್ದು ಒಳಗೆ, ಕ್ಯಾಶ್ ಕೌಂಟರ್ ಹಿಂದೆ. ಸ್ಕೂಟರ್ ಹೊರಗೆ, ಬಿಸಿಲಲ್ಲಿ. ವೈರ್ ಬಾಗಿಲಿನವರೆಗೂ ಬರಲಿಲ್ಲ. ಉಳಿದ ದಾರಿ ಪೂರ್ತಿ ಇಕೋ ಮೋಡಿನಲ್ಲಿ, ಲಾರಿಗಳ ಹಾರ್ನ್ ಕೇಳುತ್ತ ಹೋದೆ.

ಬ್ಯಾಟರಿ ಬಿಚ್ಚಿ ಬರುವಂತಿದ್ದರೆ ಈ ರಗಳೆ ಇಲ್ಲ. ಗಾಡಿ ಹೊರಗಿರಲಿ, ಬ್ಯಾಟರಿ ಒಳಗೆ ಹೋಗುತ್ತದೆ. ನನ್ನದು ಬಾಡಿಗೆ ಮನೆ, ಎರಡನೇ ಮಹಡಿ. ಪಾರ್ಕಿಂಗ್‌ನಲ್ಲಿ ಪಾಯಿಂಟ್ ಹಾಕಿಸಲು ಮನೆ ಓನರ್ ಒಪ್ಪಲಿಲ್ಲ. ಈಗ ಟಿವಿ ಪಕ್ಕದಲ್ಲೇ ಚಾರ್ಜ್ ಆಗುತ್ತದೆ. ನನ್ನ ಸ್ಕೂಟರಿನ ಎರಡು ಬ್ಯಾಟರಿ ಸೇರಿ ಸುಮಾರು 4 ಯೂನಿಟ್, ಪೂರ್ತಿ ತುಂಬಲು ಮೂವತ್ತು ರೂಪಾಯಿ ಒಳಗೆ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಇರುವವರು ಮಾತ್ರ ತಿಂಗಳಿಗೆ 200 ಯೂನಿಟ್ ದಾಟದಂತೆ ನೋಡಿಕೊಳ್ಳಿ, ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಕಷ್ಟವೂ ಇದೆ. ಒಂದೊಂದು ಬ್ಯಾಟರಿ ಹತ್ತು ಕಿಲೋಗಿಂತ ಜಾಸ್ತಿ. ಮೆಟ್ಟಿಲು ಹತ್ತುವಾಗ ಕೈ ಸೋಲುತ್ತದೆ. ಡಿಕ್ಕಿಯಲ್ಲಿ ಚಾರ್ಜರ್ ಇಟ್ಟರೆ ಹೆಲ್ಮೆಟ್‌ಗೆ ಜಾಗವಿಲ್ಲ. ಅಣ್ಣ ನೋಡಿ ನಗುತ್ತಾನೆ. ಅವನದು ಸ್ವಂತ ಮನೆ, ಗೇಟಿನ ಒಳಗೇ ಪ್ಲಗ್, ತುಮಕೂರಿಗೆ ಬರುವುದು ಕಾರಿನಲ್ಲಿ. ನಗಲಿ ಬಿಡಿ, ಅಲ್ವಾ?