ಬಡ್ಡಿ ಮಾತ್ರ ಕಟ್ಟುವ ಸಾಲ: ಬಾಡಿಗೆ ಆಸ್ತಿ ಕೊಳ್ಳುವ ಹೊಸಬರಿಗೆ ಹೊಂದುತ್ತದೆಯೇ?

ಮೊದಲ 5 ವರ್ಷ ಬಡ್ಡಿ ಮಾತ್ರ ಕಟ್ಟಿ, ಅಸಲು ಆಮೇಲೆ ತೀರಿಸಿ. ಬಾಡಿಗೆಗೆ ಬಿಡಲೆಂದು ಮೊದಲ ಸಲ ಆಸ್ತಿ ಕೊಳ್ಳುವವರಿಗೆ ಈ ಸಾಲ ತುಂಬ ಆಕರ್ಷಕವಾಗಿ ಕಾಣುತ್ತದೆ. ಕಂತು ಹಗುರ, ಬಾಡಿಗೆಯಲ್ಲಿ ಒಂದಿಷ್ಟು ಉಳಿಯುತ್ತದೆ ಎಂಬ ಮಾತೂ ಸುಳ್ಳಲ್ಲ. ಆದರೆ ಹೀಗೆ ಉಳಿದದ್ದು ಎಷ್ಟೋ ಸಲ ಮುಂದಕ್ಕೆ ತಳ್ಳಿದ ಅಸಲೇ ಆಗಿರುತ್ತದೆ.

ನಾಣ್ಯ ಯಾವುದಾದರೂ ಇರಲಿ, ಲೆಕ್ಕ ಹಾಕಿ ನೋಡೋಣ. ಆಸ್ತಿಯ ಬೆಲೆ 1,25,000, ಸ್ವಂತ ಬಂಡವಾಳ 25,000, ಸಾಲ 1,00,000, ಬಡ್ಡಿ 9%, ಅವಧಿ 20 ವರ್ಷ. ಮಾಮೂಲಿ ಸಾಲದಲ್ಲಿ ತಿಂಗಳ ಕಂತು ಸುಮಾರು 900. ಈ ಯೋಜನೆಯಲ್ಲಿ ಮೊದಲ 5 ವರ್ಷ 750, ಆರನೇ ವರ್ಷದಿಂದ 1,014. ಅಂದರೆ ಕಂತು ಒಂದೇ ಏಟಿಗೆ 35% ಏರುತ್ತದೆ. ಅವಧಿ ಮುಗಿಯುವಷ್ಟರಲ್ಲಿ ಕಟ್ಟುವ ಬಡ್ಡಿ ಸುಮಾರು 11,600 ಹೆಚ್ಚು.

ಇನ್ನು ಬಾಡಿಗೆ. ತಿಂಗಳಿಗೆ 1,150ರಂತೆ ವರ್ಷಕ್ಕೆ 13,800. ಅದರಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದಿರುತ್ತದೆ ಎಂದು 1,150 ಕಳೆಯಿರಿ. ರಿಪೇರಿ, ತೆರಿಗೆ, ವಿಮೆ, ನಿರ್ವಹಣೆಗೆ 2,650 ಕಳೆಯಿರಿ. ನಿವ್ವಳ 10,000. ಹೊಸಬರು ಎಡವುವುದು ಇಲ್ಲೇ: ಪೂರ್ತಿ ಬಾಡಿಗೆಯಿಂದ ನೇರವಾಗಿ ಕಂತು ಕಳೆದು, ಉಳಿದದ್ದೆಲ್ಲ ಲಾಭ ಎಂದುಕೊಳ್ಳುತ್ತಾರೆ.

ನಿವ್ವಳ ಆದಾಯವನ್ನು ವರ್ಷದ ಕಂತಿನಿಂದ ಭಾಗಿಸಿ. ಬಡ್ಡಿ ಮಾತ್ರ ಕಟ್ಟುವಾಗ 1.11 ಬರುತ್ತದೆ, ಅಡ್ಡಿಯಿಲ್ಲ ಅನ್ನಿಸುತ್ತದೆ. ಮಾಮೂಲಿ ಕಂತಿಗೆ 0.93. ಆರನೇ ವರ್ಷದ ಕಂತಿಗೆ 0.82. ಸಾಲ ಕೊಡುವವರು ಸಾಮಾನ್ಯವಾಗಿ 1.2ರಿಂದ 1.25 ಕೇಳುತ್ತಾರೆ. ಈ ಆಸ್ತಿ ತನ್ನ ಸಾಲವನ್ನು ತಾನೇ ಹೊರಲಾರದು. ಅದು 5 ವರ್ಷ ಕಣ್ಣಿಗೆ ಬೀಳದಂತೆ ಹಗುರ ಕಂತು ನೋಡಿಕೊಳ್ಳುತ್ತದೆ, ಅಷ್ಟೇ. ಬಾಡಿಗೆ ಏರುತ್ತದಲ್ಲ ಎನ್ನಬಹುದು. ಆರನೇ ವರ್ಷದ ಕಂತನ್ನು ಕೈಯಿಂದ ಹಾಕದೆ ಸರಿದೂಗಿಸಲಿಕ್ಕೇ ನಿವ್ವಳ ಆದಾಯ ಪ್ರತಿವರ್ಷ ಸುಮಾರು 4% ಏರಬೇಕು. 1.25 ಮುಟ್ಟಲು ಸುಮಾರು 8.8%.

ಇದಕ್ಕಿಂತ ಆಳದ ತೊಂದರೆ ಇನ್ನೊಂದಿದೆ. ಬೆಲೆಯ ಮೇಲೆ ಆಸ್ತಿ ದುಡಿಯುವುದು 8%, ಸಾಲದ ಬಡ್ಡಿ 9%. ಸಾಲವಿಲ್ಲದೆ ಕೊಂಡಿದ್ದರೆ ಹಾಕಿದ ಹಣಕ್ಕೆ 8% ಸಿಗುತ್ತಿತ್ತು. ಸಾಲ ಮಾಡಿದ ಮೇಲೆ 25,000ಕ್ಕೆ ಉಳಿಯುವುದು 1,000, ಅಂದರೆ 4%. ಫ್ಲೋಟಿಂಗ್, ಅಂದರೆ ಆಗಾಗ ಬದಲಾಗುವ ಬಡ್ಡಿಯಾಗಿದ್ದು ಅದು 10%ಕ್ಕೆ ಏರಿದರೆ ಆ 1,000 ಕೂಡ ಇಲ್ಲ. ಇಂಥ ಆಸ್ತಿಗೆ ಸಾಲ ಹೆಚ್ಚಿಸಿದಷ್ಟೂ ವರಮಾನ ಕುಗ್ಗುತ್ತದೆ. ಬೆಲೆ ಏರೀತೆಂಬ ನಂಬಿಕೆಯೊಂದೇ ಆಧಾರ.

ಐದು ವರ್ಷ ಕಳೆದ ಮೇಲೆ ಬೇರೆ ಕಡೆಯಿಂದ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸಿದರಾಯಿತು ಎಂಬ ಸಲಹೆ ಕೇಳಿಬರುತ್ತದೆ. ಅಷ್ಟರಲ್ಲಿ ಬೆಲೆ 10% ಇಳಿದಿದ್ದರೆ? ಆಸ್ತಿ 1,12,500, ಮೊದಲಿನಂತೆಯೇ ಬೆಲೆಯ 80% ಕೊಟ್ಟರೂ 90,000 ಮಾತ್ರ ಹೊಸ ಸಾಲ. ಅಸಲು 1,00,000 ಕದಲಿಲ್ಲ, ಹಾಗಾಗಿ 10,000 ಕೈಯಿಂದ ತರಬೇಕು. ಮಾಮೂಲಿ ಸಾಲದವರ ಬಾಕಿ ಅಷ್ಟರಲ್ಲಿ 88,700ಕ್ಕೆ ಇಳಿದಿರುತ್ತದೆ, ಅವರು ದಾಟಿಕೊಳ್ಳುತ್ತಾರೆ.

ಇಬ್ಬರು ಪಾಲುದಾರರು ಸೇರಿ ಕೊಳ್ಳುವಾಗ ಕಂತು ಏರುವ ತಿಂಗಳನ್ನು ಒಪ್ಪಂದದಲ್ಲೇ ಬರೆದಿಡಿ. ಕೊರತೆ ಬಿದ್ದರೆ ಯಾರು ಎಷ್ಟು, ಎಷ್ಟು ದಿನದೊಳಗೆ ಹಾಕಬೇಕು. ಒಬ್ಬರು ಹಾಕದಿದ್ದರೆ ಇನ್ನೊಬ್ಬರು ಹಾಕಿದ್ದು ಸಾಲವೋ, ಪಾಲಿನ ಹೆಚ್ಚಳವೋ. ಹೊರಹೋಗುವವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ. ಇದನ್ನೆಲ್ಲ ಬಾಯಿಮಾತಿಗೆ ಬಿಟ್ಟ ಪಾಲುದಾರಿಕೆ ಮುರಿಯುವುದು ಬಹುಪಾಲು ಇಂಥ ಹೊತ್ತಿನಲ್ಲೇ. ಕಂಪನಿ ಮಾಡಿಕೊಂಡರೆ ಸ್ವಂತ ಆಸ್ತಿ ಸುರಕ್ಷಿತ ಎಂದು ನೆಚ್ಚಿಕೊಳ್ಳಬೇಡಿ. ಸಾಲ ಕೊಡುವವರು ವೈಯಕ್ತಿಕ ಜಾಮೀನಿಗೆ ಸಹಿ ಹಾಕಿಸಿಕೊಂಡರೆ ಆ ರಕ್ಷಣೆ ಸಾಲದ ಮಟ್ಟಿಗೆ ಇಲ್ಲವಾಗುತ್ತದೆ. ಜಾಮೀನು ಜಂಟಿಯಾಗಿದ್ದು ಒಬ್ಬೊಬ್ಬರ ಮೇಲೂ ಪೂರ್ತಿ ಹೊಣೆ ಇದ್ದರೆ, ಇಡೀ ಬಾಕಿಯನ್ನು ಒಬ್ಬರಿಂದಲೇ ವಸೂಲಿ ಮಾಡಬಹುದು.

ಹಾಗಂತ ಈ ಸಾಲ ಕೆಟ್ಟದ್ದಲ್ಲ. ಹಳೆಯ ಕಟ್ಟಡ ಕೊಂಡು, ದುರಸ್ತಿ ಮಾಡಿ, ಎರಡು ವರ್ಷದೊಳಗೆ ಮಾರುವವರಿಗೆ ಇದು ನಿಜಕ್ಕೂ ಅನುಕೂಲ. ದುರಸ್ತಿ ನಡೆಯುವಾಗ ಬಾಡಿಗೆ ಬರುವುದಿಲ್ಲ, ಆಗ ಹಗುರ ಕಂತು ಉಸಿರಾಡಲು ಬಿಡುತ್ತದೆ. ಆದರೆ ಅವಧಿಗೆ ಮೊದಲೇ ತೀರಿಸಿದರೆ ದಂಡ ಎಷ್ಟೆಂದು ಮೊದಲು ಕೇಳಿ. ಅಸಲಿನ 3% ದಂಡವಿದ್ದರೆ 3,000 ಹೋಯಿತು, ಅದು ಮೇಲಿನ ಲೆಕ್ಕದಲ್ಲಿ ವರ್ಷಕ್ಕೆ 1,000ದಂತೆ ಮೂರು ವರ್ಷ ಬಾಡಿಗೆಯಲ್ಲಿ ಉಳಿಯುವ ಹಣ.

ಹತ್ತಾರು ವರ್ಷ ಇಟ್ಟುಕೊಳ್ಳುವ ಉದ್ದೇಶವಿದ್ದರೆ, ಸಹಿ ಹಾಕುವ ಮೊದಲು ಆರನೇ ವರ್ಷದ ಕಂತನ್ನು ಇವತ್ತಿನ ನಿವ್ವಳ ಬಾಡಿಗೆಯ ಎದುರಿಟ್ಟು ನೋಡಿ. 1ಕ್ಕಿಂತ ಕಡಿಮೆ ಬಂದರೆ ಬೆಲೆ ಇಳಿಸುವಂತೆ ಚೌಕಾಸಿ ಮಾಡಿ, ಇಲ್ಲವೇ ಸಾಲ ತಗ್ಗಿಸಿ. ಮೇಲಿನ ಆಸ್ತಿಗೆ ಸಾಲ 82,000ಕ್ಕೆ ಇಳಿದರೆ ಆರನೇ ವರ್ಷದ ಕಂತು ಬಾಡಿಗೆಯಲ್ಲೇ ಹೇಗೋ ಸರಿಹೋಗುತ್ತದೆ.